ಕರಾವಳಿಯ ಸೆಕೆಯಲ್ಲೂ ಎಂಜಿನ್ ಒಳಗೆ ಮಂಜುಗಡ್ಡೆ

ಮಳೆಗಾಲ ಮುಗಿಯುತ್ತಾ ಬಂದಾಗ ಕಾರವಾರದ ಬೆಳಿಗ್ಗೆ 26 ಡಿಗ್ರಿ ಇದ್ದರೂ ಬಟ್ಟೆ ಒಣಗುವುದಿಲ್ಲ. ಗಾಳಿಯಲ್ಲಿ ಅಷ್ಟು ನೀರು. ಇಂಥ ಗಾಳಿಯಲ್ಲಿ ಸ್ವಂತ ಕಟ್ಟಿಕೊಂಡ ಪುಟ್ಟ ವಿಮಾನ ಹಾರಿಸಿದರೆ, ಎಂಜಿನ್ ಮಂಜುಗಡ್ಡೆ ಕಟ್ಟಿ ನಿಂತುಹೋಗಬಹುದು. ನಂಬುವುದು ಕಷ್ಟ, ಅಲ್ವಾ?

ತೊಂದರೆ ಶುರುವಾಗುವುದು ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕಳಿಸುವ ಕಾರ್ಬೊರೇಟರ್‌ನಲ್ಲಿ. ಅದರ ಇಕ್ಕಟ್ಟಾದ ಭಾಗದಲ್ಲಿ ಗಾಳಿ ಜೋರಾಗಿ ನುಗ್ಗುವಾಗ ಒತ್ತಡ ಇಳಿದು ತಣ್ಣಗಾಗುತ್ತದೆ. ಅಲ್ಲೇ ಪೆಟ್ರೋಲ್ ಆವಿಯಾಗುತ್ತದೆ. ಸ್ಪಿರಿಟ್ ಹಚ್ಚಿದ ಅಂಗೈ ತಂಪಾಗುವ ಹಾಗೆ, ಆವಿಯಾಗುವ ಪೆಟ್ರೋಲೂ ಸುತ್ತಲಿನ ಬಿಸಿ ಹೀರುತ್ತದೆ. ಎರಡೂ ಸೇರಿ ಉಷ್ಣತೆ 30 ಡಿಗ್ರಿಗೂ ಜಾಸ್ತಿ ಇಳಿಯಬಹುದು. ಗಾಳಿಯ ತೇವ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಇಳಿಯಲೆಂದು ಥ್ರಾಟಲ್ (ಎಂಜಿನ್ ಶಕ್ತಿಯ ನಿಯಂತ್ರಣ) ಕಡಿಮೆ ಮಾಡಿದಾಗ ಅಪಾಯ ಇನ್ನೂ ಹೆಚ್ಚು.

ಶಕ್ತಿ ಒಮ್ಮೆಗೇ ಹೋಗುವುದಿಲ್ಲ. ಪ್ರೊಪೆಲರ್ ಸುತ್ತು ಮೆಲ್ಲಗೆ ಇಳಿಯುತ್ತದೆ. ಪೈಲಟ್ ಥ್ರಾಟಲ್ ಸ್ವಲ್ಪ ಒತ್ತಿ ಸುಮ್ನಾಗುತ್ತಾರೆ. ಮತ್ತೆ ಇಳಿಯುತ್ತದೆ. ಇದಕ್ಕೆ ಮದ್ದಿದೆ: ಹೊಗೆ ಕೊಳವೆಯ ಶಾಖದಿಂದ ಕಾದ ಗಾಳಿಯನ್ನು ಒಳಗೆ ಬಿಡುವ ಹಿಡಿಕೆ. ಆದರೆ ಅದನ್ನು ಎಳೆದ ಕೂಡಲೇ ಕರಗಿದ ನೀರು ಒಳಗೆ ಹೋಗಿ ಎಂಜಿನ್ ಇನ್ನಷ್ಟು ತಡವರಿಸುತ್ತದೆ. ಗಾಬರಿಯಾಗಿ ಹಿಡಿಕೆಯನ್ನು ವಾಪಸ್ ತಳ್ಳಿದರೆ ಕೆಟ್ಟಿತು. ಆ ಕೆಲವು ಕ್ಷಣ ತಾಳಿಕೊಳ್ಳಬೇಕು. ತೂಕ, ಖರ್ಚು ಉಳಿಸಲೆಂದು ವಿಮಾನ ಕಟ್ಟುವಾಗ ಈ ವ್ಯವಸ್ಥೆಯನ್ನು ಬಿಡಲೇಬಾರದು. ನಮ್ಮ ಕರಾವಳಿಯಲ್ಲಂತೂ ಇದು ಬೇಕೇ ಬೇಕು. ಅಪಘಾತವಾದ ಮೇಲೆ ಮಂಜು ಕರಗಿಹೋಗಿರುತ್ತದೆ. ತನಿಖೆಗೆ ಬಂದವರಿಗೆ ಎಂಜಿನ್‌ನಲ್ಲಿ ದೋಷವೇ ಸಿಗದಿರಬಹುದು. ಆಗ ಆ ಹೊತ್ತಿನ ಹವಾಮಾನ ನೋಡಿಯೇ ಅಂದಾಜು ಮಾಡಬೇಕು.

ಎಂಜಿನ್ ನಿಂತರೂ ವಿಮಾನ ನೆಟ್ಟಗೆ ಕೆಳಗೆ ಬೀಳುವುದಿಲ್ಲ. ಮೂತಿ ತಗ್ಗಿಸಿ ವೇಗ ಕಾಯ್ದುಕೊಂಡರೆ, 300 ಮೀಟರ್ ಎತ್ತರದಿಂದ ಸುಮಾರು ಎರಡೂವರೆ ಕಿಲೋಮೀಟರ್ ತೇಲಿಕೊಂಡು ಹೋಗಬಹುದು. ಎತ್ತರದ ಆಸೆಗೆ ಮೂತಿ ಎತ್ತಿದರೆ ವೇಗ ಸತ್ತು, ರೆಕ್ಕೆಗೆ ವಿಮಾನ ಹೊರುವ ಬಲ ಉಳಿಯುವುದಿಲ್ಲ.

ಇಳಿಯುವುದೆಲ್ಲಿ? ಶಿರಸಿ ಕಡೆ ಕಾಡು, ಅಡಿಕೆ ತೋಟ. ಅಘನಾಶಿನಿ ದಂಡೆಯ, ಉಪ್ಪುನೀರು ನುಗ್ಗುವ ಗಜನಿ ಗದ್ದೆ ಮೇಲಿನಿಂದ ಸಮತಟ್ಟಾಗಿ ಕಾಣುತ್ತದೆ, ಆದರೆ ಕೆಸರಿನಲ್ಲಿ ಚಕ್ರ ಹೂತು ವಿಮಾನ ಮಗುಚೀತು. ಅಲೆ ಬಂದು ಹೋದ ಒದ್ದೆ ಮರಳು ಗಟ್ಟಿ, ಅದೇ ವಾಸಿ. ಅಲ್ಲಿ ಜನರಿಲ್ಲದಿದ್ದರೆ ಮಾತ್ರ. 2017ರಲ್ಲಿ ಪೋರ್ಚುಗಲ್‌ನ ಒಂದು ಬೀಚಿನಲ್ಲಿ ಪುಟ್ಟ ವಿಮಾನವೊಂದು ಹೀಗೆ ತುರ್ತಾಗಿ ಇಳಿದಾಗ ಬೀಚಿಗೆ ಬಂದಿದ್ದ ಇಬ್ಬರು ಸತ್ತರು, ಅವರಲ್ಲೊಬ್ಬಳು ಪುಟ್ಟ ಹುಡುಗಿ. ವಿಮಾನದಲ್ಲಿದ್ದವರು ಬದುಕಿಕೊಂಡರು. ಬೀಚಿನಲ್ಲಿ ಜನರಿದ್ದಾರೆ ಎಂದಾದರೆ ದಡಕ್ಕೆ ಹತ್ತಿರದ ನೀರಿಗೇ ಇಳಿಸಬೇಕು, ವಿಮಾನ ಹಾಳಾದರೂ ಸರಿ.