ಹುಲ್ಲು ಮಣ್ಣಿಗೆ ಸೇರಿಸಿದರೆ ಪೈರು ಹಳದಿ ಆಗೋದು ಯಾಕೆ?

ಹರಿಹರದ ಹತ್ತಿರ, ಭದ್ರಾ ನಾಲೆ ನೀರು ಹರಿಯುವ ಕಡೆ, ನಮ್ಮ ಸೋದರಮಾವನ ಭತ್ತದ ಗದ್ದೆ ಇದೆ. ಒಂದು ವರ್ಷ ನಾನೇ ಹಟ ಹಿಡಿದು ಕೂಳೆಗೆ, ಅಂದರೆ ಕೊಯ್ದ ಮೇಲೆ ಗದ್ದೆಯಲ್ಲಿ ಉಳಿದ ಬುಡಕ್ಕೆ, ಬೆಂಕಿ ಹಾಕಲು ಬಿಡಲಿಲ್ಲ. ಕಟಾವು ಮಷಿನ್ ಬಿಟ್ಟುಹೋದ ಹುಲ್ಲನ್ನೆಲ್ಲ ರೋಟವೇಟರ್ ಹೊಡೆಸಿ ಮಣ್ಣಿಗೆ ಸೇರಿಸಿದೆವು. ವಾರದೊಳಗೆ ನಾಟಿ ಆಯ್ತು. ಹದಿನೈದು ದಿನಕ್ಕೆ ಪೈರೆಲ್ಲ ಹಳದಿ! ಮಾವ ಬೈಯಲಿಲ್ಲ. "ನಿನ್ನ ಹುಲ್ಲು ಪೈರಿನ ಊಟ ಕಸ್ಕೊಂಡೈತಿ ನೋಡು" ಅಂದರು, ಅಷ್ಟೆ.

ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ಮಾವ ಹೇಳಿದ್ದು ಅಕ್ಷರಶಃ ನಿಜ.

ಹುಲ್ಲನ್ನು ಕೊಳೆಸುವುದು ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು. ಅವಕ್ಕೆ ಇಂಗಾಲವೂ ಬೇಕು, ಸಾರಜನಕವೂ ಬೇಕು. ಅವುಗಳ ಮೈಯಲ್ಲಿ ಸುಮಾರು 8 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇರುತ್ತದೆ. ತಿಂದ ಇಂಗಾಲದಲ್ಲಿ ಜಾಸ್ತಿ ಭಾಗ ಉಸಿರಾಟಕ್ಕೇ ಖರ್ಚು. ಹಾಗಾಗಿ ಊಟದಲ್ಲಿ 24ಕ್ಕೆ 1ರ ಆಸುಪಾಸು ಇದ್ದರೆ ಅವಕ್ಕೆ ಸಾಕಾಗುತ್ತದೆ. ಭತ್ತದ ಹುಲ್ಲಿನಲ್ಲಿ ಇದು 60ರಿಂದ 80ಕ್ಕೆ 1. ಇಂಗಾಲ ಬೇಕಾದಷ್ಟಿದೆ, ಸಾರಜನಕ ಇಲ್ಲ. ಆಗ ಅವು ಸುತ್ತಲಿನ ಮಣ್ಣಿನಿಂದ ಸಾರಜನಕ ಎಳೆದುಕೊಳ್ಳುತ್ತವೆ. ಅದೇ ಹೊತ್ತಿಗೆ ಬೇರು ಬಿಡುತ್ತಿರುವ ಪೈರಿಗೆ ಸಿಗೋದು ಏನೂ ಇಲ್ಲ.

ಎಷ್ಟು ಎಳೆದುಕೊಳ್ಳುತ್ತವೆ? ಒಂದು ಟನ್ ಹುಲ್ಲಿಗೆ ಹತ್ತಿರಹತ್ತಿರ 10 ಕೆಜಿ ಸಾರಜನಕ. ಎಕರೆಗೆ ಎರಡು ಟನ್ ಹುಲ್ಲು ಅಂದುಕೊಳ್ಳಿ, 20 ಕೆಜಿ ಆಯಿತು. 45 ಕೆಜಿಯ ಒಂದು ಯೂರಿಯಾ ಚೀಲದಲ್ಲಿ ಇರುವುದೂ ಸರಿಸುಮಾರು ಅಷ್ಟೇ! ಆದರೆ ಇದು ಕಳ್ಳತನವಲ್ಲ, ಕೈಗಡ. ಹುಲ್ಲು ಕರಗಿ ಸೂಕ್ಷ್ಮಜೀವಿಗಳು ಸಾಯತೊಡಗಿದಾಗ ಆ ಸಾರಜನಕ ಮಣ್ಣಿಗೆ ವಾಪಸ್ ಬರುತ್ತದೆ. ನಾವು ತಪ್ಪು ಮಾಡಿದ್ದು ಹುಲ್ಲು ಸೇರಿಸಿದ್ದರಲ್ಲಿ ಅಲ್ಲ, ಅವಸರ ಮಾಡಿದ್ದರಲ್ಲಿ. ನೀರು ನಿಂತ ಗದ್ದೆಯಲ್ಲಿ ಹಸಿ ಹುಲ್ಲು ಕೊಳೆತರೆ ಇನ್ನೊಂದು ತೊಂದರೆಯೂ ಇದೆ. ಗಾಳಿ ಸಿಗದೆ ಆಮ್ಲಗಳು ಹುಟ್ಟಿ ಎಳೆ ಬೇರು ಸುಡುತ್ತವೆ, ಮೀಥೇನ್ ಅನಿಲವೂ ಜಾಸ್ತಿ ಹೊರಡುತ್ತದೆ.

ಹಾಗಾದರೆ ಸುಟ್ಟರೇ ವಾಸಿಯಾ? ಒಂದು ಟನ್ ಹುಲ್ಲಿನಲ್ಲಿ 5–6 ಕೆಜಿ ಸಾರಜನಕ ಇರುತ್ತದೆ. ಸುಟ್ಟರೆ ಅದು ಹೆಚ್ಚುಕಡಿಮೆ ಪೂರ್ತಿ ಹೊಗೆಯಲ್ಲಿ ಹೋಗುತ್ತದೆ, ಗಂಧಕವೂ ಒಂದಷ್ಟು ಹೋಗುತ್ತದೆ. ಪೊಟ್ಯಾಷ್ ಬಹಳಷ್ಟು ಬೂದಿಯಲ್ಲಿ ಉಳಿಯುತ್ತದೆ ನಿಜ. ಆದರೆ ಬೂದಿಯನ್ನು ಗಾಳಿಯೋ ಮೊದಲ ಮಳೆಯೋ ಹೊತ್ತೊಯ್ದರೆ ಕೈಗೆ ಏನು ಸಿಕ್ಕ ಹಾಗಾಯಿತು? ಇಂಗಾಲವಂತೂ ಹೋಯಿತು. ಹುಲ್ಲನ್ನು ಮೇವಿಗೆ ಮಾರುವವರಿಗೂ ಒಂದು ಮಾತು. ಟನ್ನಿಗೆ ಕನಿಷ್ಠ 15 ಕೆಜಿ ಪೊಟ್ಯಾಷ್ ಅದರ ಜೊತೆ ಲಾರಿ ಹತ್ತುತ್ತದೆ. ಬೆಲೆ ಮಾತಾಡುವಾಗ ಅದೂ ಲೆಕ್ಕದಲ್ಲಿರಲಿ.

ಬೆಂಕಿ ಹಾಕುವ ರೈತರನ್ನು ಸುಮ್ನೆ ದೂರೋದು ನನಗೆ ಇಷ್ಟವಿಲ್ಲ. ಮಳೆಗಾಲದ ಬೆಳೆ ಕೊಯ್ದು ಬೇಸಿಗೆ ಬೆಳೆ ನಾಟಿಗೆ ನಾಲೆ ನೀರು ಬರುವಷ್ಟರಲ್ಲಿ ಅವರ ಕೈಯಲ್ಲಿ ಇರೋದು ಕೆಲವೇ ವಾರ. ಆ ಹುಲ್ಲನ್ನು ಹೊರಗೆ ತೆಗೆದು ತಿಪ್ಪೆ ಮಾಡುವುದೇ ಸರಿ. ಬೇಸಿಗೆ ಬೆಳೆಯ ಕೂಳೆಯ ಕಥೆ ಬೇರೆ. ಮುಂದಿನ ನಾಟಿಗೆ ಎರಡು ತಿಂಗಳಾದರೂ ಇರುತ್ತದೆ, ಮುಂಗಾರಿನ ಮೊದಲ ಹನಿಗಳೂ ಬೀಳುತ್ತವೆ. ಆಗ ಉತ್ತು ಬಿಟ್ಟರೆ ಕೊಳೆಯಲು ಸಮಯ ಸಿಗುತ್ತದೆ.

ಚನ್ನಗಿರಿ ಕಡೆ ಹೋದರೆ ಇನ್ನೂ ಕಷ್ಟದ ಸರಕು ಎದುರಾಗುತ್ತದೆ: ಅಡಿಕೆ ಸಿಪ್ಪೆ. ಸುಲಿಯುವ ಕಾಲದಲ್ಲಿ ರಸ್ತೆ ಬದಿಯಲ್ಲಿ ಗುಡ್ಡೆ ಗುಡ್ಡೆ ಬಿದ್ದಿರುತ್ತದೆ. ಬೆಂಕಿ ಹಚ್ಚಿದರೆ ಒಳಗೊಳಗೇ ಹೊಗೆಯಾಡುತ್ತದೆ. ಸಂಜೆ ಬೈಕಿನಲ್ಲಿ ಬರುವವರಿಗೆ ಮುಂದಿನ ದಾರಿ ಕಾಣುವುದಿಲ್ಲ, ಕಣ್ಣು ಉರಿ. ನನಗೆ ಇದು ನಿಜಕ್ಕೂ ಹೊಟ್ಟೆ ಉರಿಸುವ ನೋಟ. ಸಿಪ್ಪೆಯ ನಾರಿನಲ್ಲಿ ಲಿಗ್ನಿನ್ ಎಂಬ ಗಟ್ಟಿ ವಸ್ತು ಇದೆ, ಮರವನ್ನು ಮರವಾಗಿ ನಿಲ್ಲಿಸುವುದೂ ಇದೇ. ಇದನ್ನು ಒಡೆಯುವುದು ಮುಖ್ಯವಾಗಿ ಅಣಬೆ ಜಾತಿಯ ಕೆಲವು ಶಿಲೀಂಧ್ರಗಳು. ಅವಕ್ಕೆ ತೇವ, ಗಾಳಿ, ತಾಳ್ಮೆ ಮೂರೂ ಬೇಕು.

ಸಿಪ್ಪೆ ಒಂದನ್ನೇ ರಾಶಿ ಹಾಕಿದರೆ ವರ್ಷವಾದರೂ ಕರಗದು. ಹಸಿ ಸೊಪ್ಪು, ಸಗಣಿ ಬಗ್ಗಡ ಪದರ ಪದರವಾಗಿ ಸೇರಿಸಬೇಕು, ಆಗ ಸಾರಜನಕದ ಕೊರತೆ ನೀಗುತ್ತದೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು. ಸರಿಯಾಗಿ ಹಾಕಿದ ರಾಶಿಯ ಒಳಗೆ ಕೆಲವೇ ದಿನದಲ್ಲಿ ಬಿಸಿ 60 ಡಿಗ್ರಿ ತಲುಪುತ್ತದೆ, ಕೈ ಇಡಲಾಗದು. ಕಳೆ ಬೀಜ ಸಾಯುವುದು ಆ ಬಿಸಿಗೇ. ತಣ್ಣಗಾದಾಗ ಮಗುಚಿ ಹಾಕಿ, ಗಾಳಿ ಸಿಕ್ಕಿ ಮತ್ತೆ ಕಾವೇರುತ್ತದೆ. ಎರೆಹುಳು ಬಿಡುವುದಾದರೆ ಈ ಕಾವು ಪೂರ್ತಿ ಇಳಿದ ಮೇಲೆಯೇ, ಇಲ್ಲದಿದ್ದರೆ ಹುಳು ಬೆಂದೇ ಹೋಗುತ್ತವೆ. ಮೆಕ್ಕೆಜೋಳದ ದಂಟಿಗೂ ಹೆಚ್ಚುಕಡಿಮೆ ಇದೇ ದಾರಿ. ಸಾಲುಗಳ ನಡುವೆ ತೊಗರಿ ಹಾಕಿದವರಿಗೆ ಉದುರಿದ ತೊಗರಿ ಎಲೆಯೇ ಸಾರಜನಕ.

ಇಷ್ಟೆಲ್ಲ ಮಾಡಿದರೆ ಮಣ್ಣು ಎಷ್ಟು ಬೇಗ ಬದಲಾಗುತ್ತದೆ? ಬಹಳ ನಿಧಾನ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕೆಜಿ ತೂಗುತ್ತದೆ. ಸಾವಯವ ಇಂಗಾಲವನ್ನು, ಅಂದರೆ ಕೊಳೆತ ಗಿಡ-ಜೀವಿಗಳಿಂದ ಮಣ್ಣಲ್ಲಿ ಉಳಿದ ಇಂಗಾಲವನ್ನು, ಮಣ್ಣಿನ ತೂಕದ ಶೇ. 0.1ರಷ್ಟು ಏರಿಸಲು 900 ಕೆಜಿ ಇಂಗಾಲ ಅಲ್ಲಿ ನಿಲ್ಲಬೇಕು. ಎರಡು ಟನ್ ಹುಲ್ಲಿನಲ್ಲಿ 800 ಕೆಜಿ ಇಂಗಾಲ ಇದೆ. ಕೊಳೆಯುವಾಗ ಬಹುಪಾಲು ಗಾಳಿಗೆ ಹೋಗಿ ನೂರರ ಆಸುಪಾಸು ಕೆಜಿ ಮಣ್ಣಲ್ಲಿ ಉಳಿದರೆ, ಒಂಬತ್ತು ಬೆಳೆ ಬೇಕು. ಮಣ್ಣಿನ ಹಳೆ ಇಂಗಾಲವೂ ಈ ಮಧ್ಯೆ ಕರಗುತ್ತಿರುತ್ತದೆ, ಅಂದರೆ ಇನ್ನೂ ಜಾಸ್ತಿ.

ಮಾವನಿಗೆ ಈ ಲೆಕ್ಕ ಹೇಳಿದೆ. ಬೆರಳು ಮಡಚಿ ಎಣಿಸಿದರು. ಈ ಬೇಸಿಗೆ ಕೂಳೆಗೆ ಬೆಂಕಿ ಬಿದ್ದಿಲ್ಲ. ಮೇ ತಿಂಗಳಲ್ಲೇ ಉಳುಮೆ ಮುಗಿದಿದೆ, ಗದ್ದೆಯ ಮೂಲೆಯಲ್ಲಿ ಒಂದು ತಿಪ್ಪೆಯೂ ಎದ್ದಿದೆ.