ಸಿಪಿ/ಎಂ ಫೈಲಿನ ಉದ್ದ: ರೆಕಾರ್ಡ್ ಕೌಂಟ್ ಮತ್ತು ಕಂಟ್ರೋಲ್-ಝಡ್

ಗ್ಯಾರಿ ಕಿಲ್ಡಾಲ್ 1974ರಲ್ಲಿ ಬರೆದ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ, ಫೈಲಿನಲ್ಲಿ ಎಷ್ಟು ಬೈಟ್ ಇದೆ ಎಂಬುದನ್ನು ಡೈರೆಕ್ಟರಿ, ಅಂದರೆ ಡಿಸ್ಕಿನಲ್ಲಿರುವ ಫೈಲುಗಳ ಪಟ್ಟಿ, ಬರೆದಿಡುತ್ತಿರಲಿಲ್ಲ. ಎಷ್ಟು ರೆಕಾರ್ಡ್ ಎಂಬುದಷ್ಟೇ ಅದಕ್ಕೆ ಗೊತ್ತು. ಒಂದು ರೆಕಾರ್ಡ್ ಅಂದರೆ 128 ಬೈಟ್. ಐಬಿಎಂನ 8 ಇಂಚಿನ ಫ್ಲಾಪಿಯ ಸೆಕ್ಟರ್ ಗಾತ್ರವೂ ಅಷ್ಟೇ.

ಡೈರೆಕ್ಟರಿಯ ಒಂದೊಂದು ನಮೂದೂ 32 ಬೈಟ್. ಸೊನ್ನೆಯಿಂದ ಎಣಿಸಿದರೆ 1ರಿಂದ 11 ಹೆಸರಿಗೆ, 12ನೆಯದು ಎಕ್ಸ್‌ಟೆಂಟ್ ಸಂಖ್ಯೆ (ಇದು ಫೈಲಿನ ಎಷ್ಟನೇ ತುಂಡು ಎಂಬುದು), 15ನೆಯದು ರೆಕಾರ್ಡ್ ಕೌಂಟ್ (ರೆಕಾರ್ಡುಗಳ ಎಣಿಕೆ), 16ರಿಂದ 31ರಲ್ಲಿ ಫೈಲಿಗೆ ಹಂಚಿದ ಡಿಸ್ಕ್ ಬ್ಲಾಕುಗಳ ಸಂಖ್ಯೆ. ಬ್ಲಾಕ್ 1 ಕೆಬಿ ಇದ್ದರೆ ಒಂದು ನಮೂದಿನಲ್ಲಿ 16 ಕೆಬಿ, ಅಂದರೆ 128 ರೆಕಾರ್ಡ್ ಹಿಡಿಸುತ್ತದೆ. ಅದಕ್ಕೂ ಮೀರಿದರೆ ಅದೇ ಹೆಸರಿಗೆ ಇನ್ನೊಂದು ನಮೂದು.

20,000 ಬೈಟಿನ ಪಠ್ಯಕ್ಕೆ 157 ರೆಕಾರ್ಡ್ ಬೇಕು. ಮೊದಲ ನಮೂದಿನಲ್ಲಿ ಎಕ್ಸ್‌ಟೆಂಟ್ 0, ಕೌಂಟ್ 128. ಎರಡನೆಯದರಲ್ಲಿ ಎಕ್ಸ್‌ಟೆಂಟ್ 1, ಕೌಂಟ್ 29. ಸಿಸ್ಟಂ ಲೆಕ್ಕದಲ್ಲಿ ಇದು 20,096 ಬೈಟ್. ಕೊನೆಯ ರೆಕಾರ್ಡಿನಲ್ಲಿ ಪಠ್ಯ ಇರುವುದು 32 ಬೈಟ್ ಮಾತ್ರ. ಅದು ಅಲ್ಲಿಗೆ ಮುಗಿಯಿತೆಂದು ಹೇಳಲು ಕಂಟ್ರೋಲ್-ಝಡ್, ಅಂದರೆ ಹೆಕ್ಸ್ 1ಎ ಹಾಕುತ್ತಿದ್ದರು. ಮಿಕ್ಕ ಜಾಗವನ್ನೂ ಅದರಿಂದಲೇ ತುಂಬುವುದು ಒಳ್ಳೆಯ ರೂಢಿ. ಸೋಮಾರಿ ಪ್ರೋಗ್ರಾಮುಗಳು ಬಫರಿನ (ತಾತ್ಕಾಲಿಕ ಮೆಮೊರಿಯ) ಹಳೆಯ ಕಸವನ್ನೇ ಬಿಟ್ಟುಬಿಡುತ್ತಿದ್ದವು.

ಎಡವಟ್ಟು ಎರಡು ಕಡೆ. ಪಠ್ಯ ಸರಿಯಾಗಿ 128ರ ಗುಣಕವಾದರೆ 1ಎ ಇಲ್ಲದೆಯೂ ಫೈಲು ಮುಗಿಯಬಹುದು. ಹಾಗಾಗಿ ಓದುವ ಪ್ರೋಗ್ರಾಂ 1ಎ ಜೊತೆಗೆ, ಬಿಡಾಸ್‌ನ (ಸಿಸ್ಟಂನಲ್ಲಿ ಫೈಲು ನೋಡಿಕೊಳ್ಳುವ ಭಾಗದ) ರೆಕಾರ್ಡ್ ಓದುವ ಕರೆ 20 ಸೊನ್ನೆಯಲ್ಲದ ಉತ್ತರ ಕೊಟ್ಟಿತೇ ಎಂದೂ ನೋಡಲೇಬೇಕು. ಇನ್ನೊಂದು ಬೈನರಿ ಫೈಲುಗಳದ್ದು. 8080 ಪ್ರೊಸೆಸರಿಗೆ 1ಎ ಒಂದು ಮಾಮೂಲಿ ಇನ್‌ಸ್ಟ್ರಕ್ಷನ್, ಎಲ್‌ಡಿಎಎಕ್ಸ್ ಡಿ. ಫೈಲು ನಕಲು ಮಾಡುವ ಪ್ರೋಗ್ರಾಂ ಪಿಪ್‌ನಲ್ಲಿ ಇಂಥ ಎರಡು ಫೈಲು ಜೋಡಿಸುವಾಗ ಚೌಕ ಆವರಣದಲ್ಲಿ ಓ ಆಯ್ಕೆ ಕೊಡದಿದ್ದರೆ ಮೊದಲ 1ಎ ಕಂಡಲ್ಲೇ ನಕಲು ನಿಂತು, ಉಳಿದ ಕೋಡ್ ಹೋದಂತೆಯೇ.

ನಂತರದ ಆವೃತ್ತಿಯಾದ ಸಿಪಿ/ಎಂ ಪ್ಲಸ್ ಕೊನೆಯ ರೆಕಾರ್ಡಿನ ಬೈಟ್ ಎಣಿಕೆಗೆ 13ನೇ ಬೈಟನ್ನು ಬಿಟ್ಟುಕೊಟ್ಟಿತು, ಆದರೆ ಅದನ್ನು ತುಂಬುವ ಹೊಣೆ ಪ್ರೋಗ್ರಾಮಿನದೇ. ಮೈಕ್ರೋಸಾಫ್ಟ್‌ನ ಎಂಎಸ್-ಡಾಸ್ ಡೈರೆಕ್ಟರಿ ನಮೂದಿನಲ್ಲಿ 28ನೇ ಬೈಟಿನಿಂದ 4 ಬೈಟ್ ಮೀಸಲಿಟ್ಟು ನಿಖರ ಉದ್ದ ಬರೆಯತೊಡಗಿತು. ಆದರೂ ಅದರ ಕಾಪಿ ಆಜ್ಞೆ ಪ್ಲಸ್ ಚಿಹ್ನೆಯಿಂದ ಫೈಲು ಜೋಡಿಸುವಾಗ ಮಾತ್ರ 1ಎಗೆ ನಿಲ್ಲುವುದನ್ನು ಬಿಡಲಿಲ್ಲ. ಬೈನರಿ ಆದರೆ /ಬಿ ಸೇರಿಸಬೇಕು.