ಸ್ವೇದನ ಪೆಟ್ಟಿಗೆ: ಘಟ್ಟದ ಕೆಳಗೆ ಒಂದು ಕಾಟ, ಘಟ್ಟದ ಮೇಲೆ ಇನ್ನೊಂದು

ಕುಮಟಾ, ಅಂಕೋಲಾ ಕಡೆಯ ಪಂಚಕರ್ಮ ಚಿಕಿತ್ಸಾಲಯದಲ್ಲಿ ಸ್ವೇದನ ಪೆಟ್ಟಿಗೆಗೆ, ಅಂದರೆ ತಲೆ ಹೊರಗಿಟ್ಟು ಕೂತವರ ಮೈಯನ್ನು ಉಗಿಯಿಂದ ಬೆವರಿಸುವ ಪೆಟ್ಟಿಗೆಗೆ, ಉಗಿ ಕೊಡುವ ಬಾಯ್ಲರ್ ಇರುತ್ತದೆ. ಸವಳು ಬಾವಿಯ ನೀರು ಕುಡಿದ ಆ ಸ್ಟೀಮ್ ಬಾಯ್ಲರಿನ, ನೀರು ಕಾಯಿಸುವ ಕಾಯಿಲನ್ನು ಮೇ ಕೊನೆಗೆ ಬಿಚ್ಚಿ ನೋಡಿ. ಕಾಯಿಲ್ ಎಲ್ಲೂ ಸೊಟ್ಟಗಾಗಿರುವುದಿಲ್ಲ, ಸುಟ್ಟೂ ಇರುವುದಿಲ್ಲ. ಸುರುಳಿ ತಿರುಗುವ ಕಡೆ ಸೂಜಿಮೊನೆಯಷ್ಟು ತೂತು, ತೂತಿನ ಸುತ್ತ ಕಂದು ಕಲೆ, ಅಷ್ಟೆ. ಅದೇ ಮಾದರಿಯ, ಅದೇ ವಯಸ್ಸಿನ ಕಾಯಿಲನ್ನು ಘಟ್ಟದ ಮೇಲಿನ ಶಿರಸಿಯಲ್ಲಿ ಬಿಚ್ಚಿದರೆ ಹೊಸದರಂತೆ ಹೊಳೆಯುತ್ತಿರಬಹುದು. ಆದರೆ ಕಬ್ಬಿಣದ ಟ್ಯಾಂಕಾದರೆ ತಳದಲ್ಲಿ ಬೆರಳು ಆಡಿಸಿದರೆ ಕೆಮ್ಮಣ್ಣಿನಂಥ ರಾಡಿ ಹತ್ತುತ್ತದೆ. ನಡುವೆ ಇರುವುದು ದೇವಿಮನೆ ಘಟ್ಟ ಮಾತ್ರ. ಕಾರಣ ನೀರಿನಲ್ಲಿದೆ. ಆದರೆ ನೀರಿಗಿಂತ ಮೊದಲು ಉಗಿಯ ಮಾತು ಆಡಬೇಕು, ಏಕೆಂದರೆ ಈ ಪೆಟ್ಟಿಗೆಯ ಇತಿಹಾಸವೆಲ್ಲ ಒಂದೇ ತೊಡಕಿನ ಸುತ್ತ ಸುತ್ತಿದೆ: ನೀರು ಕುದಿಸಲು ಯಾರಿಗೂ ಬರುತ್ತದೆ, ಕುದ್ದ ಉಗಿಯನ್ನು ಚರ್ಮ ಸುಡದ ಹಾಗೆ ಮೈಗೆ ಮುಟ್ಟಿಸುವುದು ಹೇಗೆ?

ಚರಕ ಸಂಹಿತೆಯ ಸೂತ್ರಸ್ಥಾನದ 14ನೇ ಅಧ್ಯಾಯ ಬೆಂಕಿಯ ನೆರವಿನಿಂದ ಬೆವರಿಸುವ 13 ಬಗೆಗಳನ್ನು ಹೇಳುತ್ತದೆ. ಅವುಗಳಲ್ಲಿ ಇಂದಿನ ಪೆಟ್ಟಿಗೆಯ ಹಿರಿಯಜ್ಜ ನಾಡೀ ಸ್ವೇದ. ಮಡಕೆಯಲ್ಲಿ ಔಷಧದ ಸೊಪ್ಪು ಬೇಯಿಸಿ, ಅದರ ಉಗಿಯನ್ನು ನಳಿಗೆಯಲ್ಲಿ ತಂದು ಎಣ್ಣೆ ಹಚ್ಚಿದ ಮೈಗೆ ಹಾಯಿಸುವುದು. ನಳಿಗೆಯ ಅಳತೆಯೂ ಅಲ್ಲಿದೆ: ಒಂದು ಮಾರು (ಚಾಚಿದ ಎರಡು ಕೈಗಳ ಅಳತೆ) ಇಲ್ಲವೇ ಅರ್ಧ ಮಾರು ಉದ್ದ, ಬುಡದ ಸುತ್ತಳತೆ ಮಾರಿನ ಕಾಲು ಭಾಗ, ತುದಿಯದು ಅದರ ಅರ್ಧ, ಆಕಾರ ಆನೆಯ ಸೊಂಡಿಲಿನದು, ಸಂದುಗಳಿಗೆ ವಾತಹರ ಎಲೆಗಳ ಮೆತ್ತಿಗೆ. ಮುಖ್ಯ ಮಾತು ಆಮೇಲೆ ಬರುತ್ತದೆ. ನಳಿಗೆ ಎರಡು ಮೂರು ಕಡೆ ಬಾಗಿರಬೇಕು. ನೇರ ಹೋಗಲಾರದ ಉಗಿ ತನ್ನ ಚಂಡವೇಗ ಕಳೆದುಕೊಂಡು, ಚರ್ಮ ಸುಡದೆ, ಹಿತವಾಗಿ ಬೆವರಿಸುತ್ತದೆ.

ಇದು ಬರೀ ಅಲಂಕಾರದ ಮಾತಲ್ಲ, ಲೆಕ್ಕ ಹಾಕಿ ನೋಡಬಹುದು. ಎರಡು ಕಿಲೋವಾಟ್ ಕಾಯಿಲ್ ಕುದಿಯುವ ನೀರಿನಿಂದ ಗಂಟೆಗೆ ಸುಮಾರು 3 ಕಿಲೋ ಉಗಿ ಎಬ್ಬಿಸುತ್ತದೆ. ಒಂದು ಕಿಲೋ ಉಗಿ 1.67 ಘನ ಮೀಟರ್ ಜಾಗ ಹಿಡಿಯುವುದರಿಂದ ಸೆಕೆಂಡಿಗೆ ಸುಮಾರು 1.4 ಲೀಟರ್ ಹೊರಬೀಳಬೇಕು. ಇಂದು ಬಾಯ್ಲರ್ ಜೊತೆ ಕೊಡುವಂಥ 10 ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ ಅದರ ವೇಗ ಸೆಕೆಂಡಿಗೆ 17-18 ಮೀಟರ್. ಚರಕನ ನಳಿಗೆಯ ತುದಿ ಅಂದಾಜು 7 ಸೆಂಟಿಮೀಟರ್ ಅಗಲ. ಅದೇ ಉಗಿ ಅಲ್ಲಿ ಹೊರಬರುವುದು ಸೆಕೆಂಡಿಗೆ ಮೀಟರಿನ ಮೂರನೇ ಒಂದು ಭಾಗದಷ್ಟು ನಿಧಾನವಾಗಿ. ಬಾಗುಗಳಲ್ಲಿ ಕುದಿನೀರಿನ ಹನಿಗಳು ಗೋಡೆಗೆ ಬಡಿದು ಅಲ್ಲೇ ಉಳಿಯುತ್ತವೆ. ಸುಡುವುದರಲ್ಲಿ ಹೆಚ್ಚಿನ ಪಾಲು ಆ ಹನಿಗಳದ್ದು ಮತ್ತು ಒಂದೇ ಜಾಗಕ್ಕೆ ಬಡಿಯುವ ಧಾರೆಯದ್ದು.

ನಮ್ಮ ಕಡೆ ಮನೆಮನೆಯಲ್ಲಿ ಇದರ ಸರಳ ರೂಪ ಇದ್ದೇ ಇತ್ತು. ಬಚ್ಚಲ ಒಲೆಗೆ ಕೂರಿಸಿದ ತಾಮ್ರದ ಹಂಡೆ, ಅಡಿಕೆ ಸಿಪ್ಪೆ ಇಲ್ಲವೇ ತೆಂಗಿನ ಮಡಲಿನ ಬೆಂಕಿ, ನೀರಿಗೆ ಲಕ್ಕಿ ಸೊಪ್ಪು. ಬಾಣಂತಿ ಸ್ನಾನಕ್ಕೂ ಮೈಕೈ ನೋವಿಗೂ ಅದೇ. ಬಚ್ಚಲ ಮನೆಯ ಬಾಗಿಲು ಮುಚ್ಚಿದರೆ ಇಡೀ ಕೋಣೆಯೇ ಪೆಟ್ಟಿಗೆ. ಉಗಿ ಹಂಡೆಯ ಅಗಲ ಬಾಯಿಂದ ಏಳುತ್ತಿದ್ದರಿಂದ ಅದಕ್ಕೆ ವೇಗವೇ ಇರಲಿಲ್ಲ. ಸುಟ್ಟರೆ ಸುಡುತ್ತಿದ್ದದ್ದು ತಂಬಿಗೆಯ ನೀರು.

ತಲೆ ಹೊರಗಿಟ್ಟು ಮೈಯನ್ನಷ್ಟೇ ಉಗಿಗೆ ಒಡ್ಡುವ ಮಡಚುವ ಪೆಟ್ಟಿಗೆ 19ನೇ ಶತಮಾನದ ಕೊನೆಗೆ ಯುರೋಪ್, ಅಮೆರಿಕಗಳಲ್ಲಿ ಮನೆಬಳಕೆಯ ಸರಕಾಯಿತು. ರಬ್ಬರ್ ಲೇಪದ ಬಟ್ಟೆಯ ಗೂಡು, ಒಳಗೊಂದು ಕುರ್ಚಿ, ಕುರ್ಚಿಯಡಿ ಸ್ಪಿರಿಟ್ ದೀಪ, ದೀಪದ ಮೇಲೆ ನೀರಿನ ಬೋಗುಣಿ. ಬಟ್ಟೆಯ ಗೂಡಿನೊಳಗೆ, ಕೂತವರ ಕಾಲಬುಡದಲ್ಲಿ ತೆರೆದ ಜ್ವಾಲೆ! ದೀಪ ಮಗುಚಿದರೆ ಗತಿಯೇನು ಎಂದು ಬಿಡಿಸಿ ಹೇಳಬೇಕಿಲ್ಲ. ಅದೇ ಕಾಲಕ್ಕೆ ಅಮೆರಿಕದ ಬ್ಯಾಟಲ್ ಕ್ರೀಕ್‌ನ ಡಾ. ಜಾನ್ ಹಾರ್ವೆ ಕೆಲಾಗ್ ಬೆಂಕಿಯನ್ನೂ ನೀರನ್ನೂ ಬಿಟ್ಟು, ಪೆಟ್ಟಿಗೆಯ ಒಳಗೋಡೆಗೆ ವಿದ್ಯುತ್ ಬಲ್ಬುಗಳ ಸಾಲು ಹಾಕಿ ಬೆವರಿಸಿದರು. ಅದು 1893ರ ಷಿಕಾಗೋ ಪ್ರದರ್ಶನದಲ್ಲಿತ್ತು. ಲೈಪ್‌ಜಿಗ್‌ನ ಲೂಯಿ ಕೂನೆಯದು ಇನ್ನೊಂದು ದಾರಿ: ಬೆತ್ತದ ಬೆಂಚು, ಅದರಡಿ ಕುದಿನೀರಿನ ಪಾತ್ರೆಗಳು, ಮೇಲೆ ಕಂಬಳಿ. ಭಾರತದ ಪ್ರಕೃತಿ ಚಿಕಿತ್ಸೆಗೆ ಹತ್ತಿರವಾದದ್ದು ಕೂನೆ. ಗಾಂಧೀಜಿ ಅವನನ್ನು ಓದಿ ಪ್ರಯೋಗ ಮಾಡಿದವರು. 1946ರಲ್ಲಿ ಪುಣೆ ಬಳಿಯ ಉರುಳಿ ಕಾಂಚನದಲ್ಲಿ ಚಿಕಿತ್ಸಾ ಕೇಂದ್ರ ಶುರುವಾದದ್ದೂ ಅವರಿಂದಲೇ. ಕರ್ನಾಟಕದ ಮಟ್ಟಿಗೆ 1989ರಲ್ಲಿ ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸಾ ಕಾಲೇಜು ಶುರುವಾದ ಮೇಲೆ ಸ್ಟೀಮ್ ಬಾಕ್ಸ್ ನಡೆಸಲು ಕಲಿತವರು ಊರೂರಿಗೆ ಸಿಗತೊಡಗಿದರು.

ಆಯುರ್ವೇದ ಚಿಕಿತ್ಸಾಲಯಗಳಿಗೆ ಮಾತ್ರ ಬಾಯ್ಲರಿಗಿಂತ ಮೊದಲು ಒದಗಿದ್ದು ಅಡುಗೆಮನೆಯ ಪ್ರೆಷರ್ ಕುಕ್ಕರ್. ಸೀಟಿ ತೆಗೆದು, ಆ ತೂತಿನ ಕೊಳವೆಗೆ ಪೈಪ್ ಸಿಕ್ಕಿಸಿ, ಕ್ಲಿಪ್ ಬಿಗಿದರೆ ನಾಡೀ ಸ್ವೇದದ ಯಂತ್ರ ತಯಾರು. ಇಂದಿಗೂ ಇದು ನಡೆಯುತ್ತದೆ, ಅಗ್ಗ, ಕೆಟ್ಟರೆ ಊರಲ್ಲೇ ರಿಪೇರಿ. ಪೈಪ್ ತೆರೆದಿರುವಷ್ಟು ಹೊತ್ತು ಒಳಗೆ ಒತ್ತಡವೂ ಏರುವುದಿಲ್ಲ. ಅಪಾಯ ಬರುವುದು ಸೊಪ್ಪಿನಿಂದ. ಲಕ್ಕಿ ಎಲೆಯನ್ನು ಕುಕ್ಕರಿನೊಳಗೇ ಹಾಕಿದರೆ ಕುದಿಯುವಾಗ ಅದು ಮೇಲೆದ್ದು, ಕೆಲವೇ ಮಿಲಿಮೀಟರ್ ಅಗಲದ ಆ ತೂತಿನ ಒಳಬಾಯಿಗೆ ಅಂಟುತ್ತದೆ. ಉಗಿ ನಿಂತಿತೆಂದು ಪೈಪನ್ನು ಅಲುಗಿಸುವಾಗ ಎಲೆ ಸರಿದು, ಕಟ್ಟಿಕೊಂಡ ಒತ್ತಡವೆಲ್ಲ ನೀರಿನ ಸಮೇತ ಒಂದೇ ಉಸಿರಿಗೆ ಹಾರುತ್ತದೆ. ಮಡಚಿದ ಪೈಪಿನದೂ ಇದೇ ಕಥೆ. ತೋಟಕ್ಕೆ ನೀರು ಬಿಡುವ ಪಿವಿಸಿ ಪೈಪ್ ಬಿಸಿಗೆ ಮೆತ್ತಗಾಗಿ ತಾನೇ ಮಡಚಿಕೊಳ್ಳುತ್ತದೆ. ಸಿಲಿಕೋನ್ ಪೈಪ್ ಬೇಕು, ಕೈ ಹಿಡಿಯುವಲ್ಲಿ ನಾರಿನ ಹಗ್ಗದ ಸುತ್ತು. ಸೊಪ್ಪನ್ನು ಕುದಿಯುವ ನೀರಿಗೆ ಹಾಕದೆ, ಉಗಿ ಹಾದುಹೋಗುವ ದಾರಿಯಲ್ಲಿ ಜಾಲರಿ ಬುಟ್ಟಿಯ ಬೇರೆ ಡಬ್ಬಿಯಲ್ಲಿಡಬೇಕು. ಕೊಟ್ಟೆ ಕಡಬು ಬೇಯುವುದೂ ನೀರಿನಲ್ಲಲ್ಲ, ಉಗಿಯಲ್ಲೇ ತಾನೆ.

ವಿದ್ಯುತ್ ಬಾಯ್ಲರುಗಳ ಗಾತ್ರದ ಹಿಂದೆ ಕಾನೂನಿನ ನೆರಳೂ ಇದೆ. 1923ರ ಬಾಯ್ಲರ್ ಕಾಯ್ದೆ 22.75 ಲೀಟರಿಗಿಂತ ದೊಡ್ಡ ಮುಚ್ಚಿದ ಪಾತ್ರೆಯನ್ನು ಬಾಯ್ಲರ್ ಎಂದು ಎಣಿಸುತ್ತಿತ್ತು. 2007ರ ತಿದ್ದುಪಡಿ ಆ ಗೆರೆಯನ್ನು 25 ಲೀಟರಿಗೆ ಒಯ್ದು, ಚದರ ಸೆಂಟಿಮೀಟರಿಗೆ 1 ಕಿಲೋಗಿಂತ ಕಡಿಮೆ ಒತ್ತಡದವನ್ನೂ ಹೊರಗಿಟ್ಟಿತು. 2025ರಲ್ಲಿ ಹಳೆಯದರ ಜಾಗಕ್ಕೆ ಹೊಸ ಕಾಯ್ದೆಯೇ ಬಂತು. ಚಿಕಿತ್ಸೆಗೆ ಮಾರುವ ಯಂತ್ರಗಳು ಹೆಚ್ಚಾಗಿ 5ರಿಂದ 20 ಲೀಟರಿನೊಳಗೇ ಇರುವುದರಿಂದ ತಪಾಸಣೆಯ ಗೋಜು ಅವಕ್ಕಿಲ್ಲ. ತಪಾಸಣೆ ಇಲ್ಲ ಎಂದಮೇಲೆ ಸೇಫ್ಟಿ ವಾಲ್ವನ್ನು ವಾರಕ್ಕೊಮ್ಮೆ ಎತ್ತಿ ನೋಡುವುದು ನಡೆಸುವವರ ಹೊಣೆ.

ಎಷ್ಟು ದೊಡ್ಡದು ಸಾಕು? 75×90×115 ಸೆಂಟಿಮೀಟರ್ ಪೆಟ್ಟಿಗೆಯ ಒಳಗಾತ್ರ ಒಂದು ಘನ ಮೀಟರಿಗೂ ಕಡಿಮೆ. 45 ಡಿಗ್ರಿಯಲ್ಲಿ ಅಷ್ಟು ಗಾಳಿ ತುಂಬ ಹಿಡಿಯುವ ತೇವ 50 ಗ್ರಾಂ ಮಾತ್ರ. ಉಳಿದ ಉಗಿ ಹಲಗೆ ಬಿಸಿ ಮಾಡಲು ಮತ್ತು ಮೈ ಮೇಲೆ ನೀರಾಗಲು ಹೋಗುತ್ತದೆ. 40 ಕಿಲೋ ತೂಕದ ಮರದ ಪೆಟ್ಟಿಗೆಯನ್ನು 12 ಡಿಗ್ರಿ ಏರಿಸಲಿಕ್ಕೇ ಮೂರನೇ ಒಂದು ಕಿಲೋ ಉಗಿ ಬೇಕು. ಫೈಬರ್ ಪೆಟ್ಟಿಗೆ ಬೇಗ ಬಿಸಿಯಾಗುತ್ತದೆ, ಬೇಗ ಆರುತ್ತದೆ. 15 ನಿಮಿಷದ ಒಂದು ಸರದಿಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಸಾಕು. ಎರಡು ಕಿಲೋವಾಟ್ ಧಾರಾಳ. ಆರು ಕಿಲೋವಾಟಿನದು ತಂದರೆ ಉಗಿ ಬೇಗ ಬರುತ್ತದೆ ನಿಜ, ಮೀನಖಂಡ ಸುಡುವುದೂ ಬೇಗ.

ಪೆಟ್ಟಿಗೆಯೊಳಗೆ ಚರಕನ ಬಾಗನ್ನು ಮರಳಿ ತರುವುದು ಕಷ್ಟವೇನಲ್ಲ. ಪೈಪನ್ನು ಸೀಟಿನಡಿ ಹಾಗೇ ಬಿಡದೆ, 40 ಮಿಲಿಮೀಟರ್ ಸ್ಟೀಲ್ ಕೊಳವೆಗೆ ಜೋಡಿಸಿ, ಅದರಲ್ಲಿ 5 ಮಿಲಿಮೀಟರಿನ 20 ತೂತು ಕೊರೆದರೆ ವೇಗ ಸೆಕೆಂಡಿಗೆ ಮೂರೂವರೆ ಮೀಟರಿಗೆ ಇಳಿಯುತ್ತದೆ. ತೂತುಗಳು ನೆಲದ ಕಡೆ ಮುಖ ಮಾಡಿರಲಿ, ಕಾಲಿಗೂ ಕೊಳವೆಗೂ ನಡುವೆ ಸಂದಿಟ್ಟ ಹಲಗೆಯ ಮರೆ ಇರಲಿ. ಬಾಯ್ಲರಿನಿಂದ ಪೆಟ್ಟಿಗೆಗೆ ಹೋಗುವ ಪೈಪ್ ನಡುವೆ ಜೋತುಬೀಳಬಾರದು. ಜೋತ ತಗ್ಗಿನಲ್ಲಿ ನೀರು ನಿಂತರೆ ಉಗಿ ಅದನ್ನು ಗುಳುಗುಳು ತಳ್ಳಿ ಕಾಲಿನ ಮೇಲೆ ಉಗುಳುತ್ತದೆ. ಥರ್ಮಾಮೀಟರ್ ಎದೆಯ ಮಟ್ಟದಲ್ಲಿ ಒಂದು, ಮೊಣಕಾಲಿನ ಮಟ್ಟದಲ್ಲಿ ಇನ್ನೊಂದು ಬೇಕು; ಎರಡರ ನಡುವೆ ಏಳೆಂಟು ಡಿಗ್ರಿ ಅಂತರ ಅಪರೂಪವಲ್ಲ. 42ರಿಂದ 48 ಡಿಗ್ರಿ, 10ರಿಂದ 15 ನಿಮಿಷ, ತಲೆಗೆ ತಣ್ಣೀರಿನ ಬಟ್ಟೆ, ಕೂರುವ ಮೊದಲು ಒಂದು ಲೋಟ ನೀರು. ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ, ಜ್ವರ, ಅಪಸ್ಮಾರ ಇದ್ದವರನ್ನೂ ಗರ್ಭಿಣಿಯರನ್ನೂ ಕೂರಿಸುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ ಕಾಲು ಸುಟ್ಟದ್ದೇ ತಿಳಿಯುವುದಿಲ್ಲ. ಕಾರವಾರದ ಏಪ್ರಿಲ್ ಸೆಕೆಯಲ್ಲಿ ಪೆಟ್ಟಿಗೆಯಿಂದ ಹೊರಬಂದವರ ಬೆವರು ಬೇಗ ಆರದು, ಮೈ ತಣಿಯದು. ಆಗ ಸರದಿಯನ್ನು ಎರಡು ಮೂರು ನಿಮಿಷ ಕಡಿಮೆ ಮಾಡಿ ಫ್ಯಾನ್ ಕೆಳಗೆ ಕೂರಿಸುವುದು ಒಳ್ಳೆಯದು.

ಇನ್ನು ನೀರು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕರ ಅಳಿವೆಗೂ ಸಮುದ್ರದ ಉಬ್ಬರ ಏರಿಬರುತ್ತದೆ. ಉಪ್ಪುನೀರು ಹತ್ತುವ ಗಜನಿ ಗದ್ದೆಗಳ ಅಂಚಿನ ಬಾವಿಗಳು ಬೇಸಿಗೆಯಲ್ಲಿ ಸವಳಾಗುತ್ತವೆ. ಉಗಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಹಿಂದೆ ಉಳಿಯುತ್ತದೆ. 5 ಲೀಟರ್ ಬಾಯ್ಲರಿಗೆ ಗಂಟೆಗೆ 3 ಲೀಟರಿನಂತೆ ತುಂಬಿಸುತ್ತ 10 ಗಂಟೆ ನಡೆಸಿದರೆ ಒಳಗಿನ ನೀರು ಬಾವಿಯ ನೀರಿಗಿಂತ ಏಳು ಪಟ್ಟು ಉಪ್ಪು. ಲೀಟರಿಗೆ 300 ಮಿಲಿಗ್ರಾಂ ಕ್ಲೋರೈಡ್ ಇದ್ದದ್ದು 2100 ಆಗುತ್ತದೆ. 304 ದರ್ಜೆಯ ಸ್ಟೀಲ್ ಕುದಿಯುವ ಬಿಸಿಯಲ್ಲಿ ಇದನ್ನು ತಾಳದು. ಮೊದಲ ಸೂಜಿ ತೂತು ಬೀಳುವುದು ಹೀಗೆ. ಉಪ್ಪು ದಟ್ಟವಾದಂತೆ ನೀರು ನೊರೆಯುಕ್ಕಿ ಉಗಿಯ ಜೊತೆ ಹನಿಯಾಗಿಯೂ ಹಾರುತ್ತದೆ. ಮದ್ದು ಒಂದೇ: ಪ್ರತಿದಿನ ಕೆಲಸ ಮುಗಿದ ಮೇಲೆ, ಆರಿದ ಬಾಯ್ಲರನ್ನು ಪೂರ್ತಿ ಖಾಲಿ ಮಾಡುವುದು. ಹೊಸದಾಗಿ ಕೊಳ್ಳುವವರು ಟ್ಯಾಂಕಿಗೆ ಉಪ್ಪನ್ನು ಇನ್ನೂ ಚೆನ್ನಾಗಿ ತಾಳುವ 316 ದರ್ಜೆಯ ಸ್ಟೀಲ್, ಕಾಯಿಲಿಗೆ ಇಂಕಲಾಯ್ ಎಂಬ ನಿಕಲ್ ಮಿಶ್ರಲೋಹದ ಹೊದಿಕೆ ಕೇಳಿ ಪಡೆಯಬೇಕು.

ಘಟ್ಟದ ಮೇಲೆ ತದ್ವಿರುದ್ಧ. ಚಿರೇಕಲ್ಲಿನ ನೆಲದ ಬಾವಿ ನೀರು ಮೃದು, ತುಸು ಹುಳಿ; ಸುಣ್ಣದ ಪದರ ಕಟ್ಟುವುದು ಕಡಿಮೆ, ಆದರೆ ಸಾದಾ ಕಬ್ಬಿಣದ ಟ್ಯಾಂಕನ್ನು ತಿನ್ನುತ್ತದೆ. ಕಾಯಿಲಿನ ಬದಲು ಎರಡು ಲೋಹದ ಕಡ್ಡಿಗಳ ನಡುವೆ ನೀರಿನಲ್ಲೇ ಕರೆಂಟ್ ಹರಿಸುವ ಅಗ್ಗದ ವೇಪರೈಸರ್ ಶಿರಸಿ, ಸಿದ್ದಾಪುರದ ನೀರಿನಲ್ಲಿ ಬಿಸಿಯೇ ಏರದೆ ಕೂರುತ್ತದೆ, ಚಿಟಿಕೆ ಉಪ್ಪು ಬೇಡುತ್ತದೆ. ಅದನ್ನೇ ಅಂಕೋಲೆಯ ಸವಳು ನೀರಿಗೆ ಹಾಕಿದರೆ ಫ್ಯೂಸ್ ಹಾರುತ್ತದೆ. ಅದರಲ್ಲಿ ನೀರೇ ವಿದ್ಯುತ್ ವಾಹಕ, ಆದ್ದರಿಂದ ಒದ್ದೆ ಮೈಯಲ್ಲಿ ಕೂರುವ ಪೆಟ್ಟಿಗೆಗೆ ಅದು ಬೇಡವೇ ಬೇಡ.

ಮಲೆನಾಡಿನ ಇನ್ನೊಂದು ಕಾಟ ವೋಲ್ಟೇಜ್. 230 ವೋಲ್ಟಿಗೆ 2 ಕಿಲೋವಾಟ್ ಕೊಡುವ ಕಾಯಿಲ್ 180 ವೋಲ್ಟಿನಲ್ಲಿ ಕೊಡುವುದು 1.2 ಮಾತ್ರ, ಏಕೆಂದರೆ ಬಿಸಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 4 ಲೀಟರ್ ನೀರು 10 ನಿಮಿಷದಲ್ಲಿ ಕುದಿಯಬೇಕಾದದ್ದು 16 ನಿಮಿಷ ದಾಟುತ್ತದೆ. ಕಾಯಿಲ್ ಸತ್ತಿತೆಂದು ಬದಲಿಸುವ ಮೊದಲು ಮಲ್ಟಿಮೀಟರ್ ಹಿಡಿಯುವುದು ಮೇಲು: 2 ಕಿಲೋವಾಟ್ ಕಾಯಿಲಿನ ಎರಡು ತುದಿಗಳ ನಡುವೆ ಸುಮಾರು 26 ಓಮ್ ತೋರಿದರೆ ಅದರ ತಂತಿ ಆರೋಗ್ಯವಾಗಿದೆ.

ಮಳೆಗಾಲದಲ್ಲಿ ತಿಂಗಳೆರಡು ತಿಂಗಳು ಸುಮ್ಮನಿದ್ದ ಬಾಯ್ಲರ್ ಚಾಲೂ ಮಾಡಿದೊಡನೆ ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬಿದ್ದುಬಿಡುವುದು ಎರಡೂ ಕಡೆ ಉಂಟು. ಕಾಯಿಲಿನೊಳಗೆ ತಂತಿಯ ಸುತ್ತ ತುಂಬಿರುವ ಮೆಗ್ನೀಷಿಯಂ ಆಕ್ಸೈಡ್ ಪುಡಿ, ಟರ್ಮಿನಲ್‌ನ ಸೀಲ್ ಬಿರಿದಿದ್ದರೆ ಗಾಳಿಯ ತೇವ ಹೀರಿ ಕರೆಂಟನ್ನು ಹೊದಿಕೆಗೆ ಸೋರಿಸುತ್ತದೆ. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ ನಡೆಸುವ ಎಲೆಕ್ಟ್ರಿಷಿಯನ್ನರೂ ಇದ್ದಾರೆ. ಅಂಥವರನ್ನು ಹೊರಗೆ ಕಳಿಸುವುದೇ ಸರಿ. ಕಾಯಿಲ್ ಬಿಚ್ಚಿ, ಟರ್ಮಿನಲ್ ತುದಿಯನ್ನು ಒರೆಸಿ, ಓವನ್ನಿನಲ್ಲಿ ಸುಮಾರು 120 ಡಿಗ್ರಿಗೆ ಕೆಲವು ಗಂಟೆ ಒಣಗಿಸಿದರೆ ಸೋರಿಕೆ ಎಷ್ಟೋ ಸಲ ನಿಲ್ಲುತ್ತದೆ. ತಂತಿಗೂ ಹೊದಿಕೆಗೂ ನಡುವಿನ ನಿರೋಧ ಅಳೆಯುವ ಮೆಗ್ಗರ್ ಹಿಡಿದಾಗ ಒಂದು ಮೆಗಾಓಮ್ ದಾಟದಿದ್ದರೆ ಕಾಯಿಲನ್ನು ಗುಜರಿಗೆ ಹಾಕಿ, ಹೊಸದನ್ನು ಕೂರಿಸುವಾಗ ಗ್ಯಾಸ್ಕೆಟ್ಟನ್ನೂ ಬದಲಿಸಬೇಕು, ಟರ್ಮಿನಲ್ಲಿಗೆ ಸಿಲಿಕೋನ್ ಸೀಲ್ ಮೆತ್ತಬೇಕು.